ಮಿಲಿಟರಿ ಪ್ರಿಂಟ್ ಪ್ಯಾಂಟ್ ಹಾಕಿಕೊಂಡು ಬೆಳಗಾವಿಗೆ ಹೋಗಿದ್ದೆ

ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಕೇಸ್ ಕೂಡ ಹಾಕಲಿಲ್ಲ. ಬೆಳಗಾವಿಯ ಕ್ಯಾಂಪ್‌ನಲ್ಲಿ, ಅಂದರೆ ಸೇನೆಯವರಿರುವ ಏರಿಯಾದಲ್ಲಿ, ಒಂದು ಮರದ ಕೆಳಗೆ ಒಂದು ಗಂಟೆ ಹತ್ತು ನಿಮಿಷ ನಿಲ್ಲಿಸಿದರು, ಅಷ್ಟೇ. ಆದರೆ ಅಷ್ಟು ಹೊತ್ತಿನಲ್ಲಿ ಹಾಕಿದ್ದ ಪ್ಯಾಂಟನ್ನು ಬಿಚ್ಚಿ ಎಸೆದು ಚಡ್ಡಿಯಲ್ಲೇ ಓಡಿಬಿಡೋಣ ಅಂತ ನಾಲ್ಕು ಸಲವಾದರೂ ಅನ್ನಿಸಿತು. ಕ್ಯಾಮೊಫ್ಲಾಜ್, ಅಂದರೆ ಮಿಲಿಟರಿ ಪ್ರಿಂಟಿನ, ಕಾರ್ಗೋ ಪ್ಯಾಂಟ್ ತಗೋಬೇಕು ಅಂತಿರುವವರು, ಈಗಾಗಲೇ ತಗೊಂಡು ಬೀರುವಿನಲ್ಲಿ ಇಟ್ಟಿರುವವರು ಇದನ್ನು ಓದಿ.

ಶುರುವಾಗಿದ್ದು ಒಂದು ಫೋಟೋದಿಂದ. ಫೋನಿನಲ್ಲಿ ಸುಮ್ನೆ ಬೆರಳಾಡಿಸುತ್ತಿದ್ದಾಗ ಒಂದು ಆನ್‌ಲೈನ್ ಅಂಗಡಿಯ ಜಾಹೀರಾತು ಬಂತು. ಹೆಸರು ಬೇಡ, ಈಗ ಆ ಪೇಜೇ ಇಲ್ಲ. ಆರಡಿ ಎತ್ತರದ ಹುಡುಗ, ಸಣ್ಣ ಸಣ್ಣ ಚೌಕಗಳ ಡಿಜಿಟಲ್ ಪ್ರಿಂಟಿನ ಕಾರ್ಗೋ, ಮೇಲೆ ಆಲಿವ್ ಹಸಿರು ರೌಂಡ್ ನೆಕ್ ಟೀ ಶರ್ಟ್, ಕಾಲಿಗೆ ಮಣ್ಣಿನ ಬಣ್ಣದ ಬೂಟು, ತಲೆಗೆ ಟೋಪಿ. ಕೆಳಗೆ ದೊಡ್ಡದಾಗಿ 'ಒರಿಜಿನಲ್ ಆರ್ಮಿ ಪ್ರಿಂಟ್' ಅಂತ ಬರೆದಿತ್ತು. ಪ್ಯಾಂಟಿಗೆ 1,299, ಟೀ ಶರ್ಟಿಗೆ 399, ಬೂಟಿಗೆ 1,199. ಮೂರೂ ತಗೊಂಡರೆ ಟೋಪಿ ಪುಕ್ಕಟೆ. ನಾನು ಮೂರನ್ನೂ ತಗೊಂಡೆ. ಪುಕ್ಕಟೆ ಟೋಪಿ ಬಿಡುವ ಜಾತಿ ನಮ್ಮದಲ್ಲ.

ಪಾರ್ಸೆಲ್ ಬಿಚ್ಚಿದ ದಿನವೇ ಕಣ್ಣು ತೆರೆಯಬೇಕಿತ್ತು. ಬಟ್ಟೆ ಹತ್ತಿಯಲ್ಲ, ಪಾಲಿಯೆಸ್ಟರ್. ಬೆರಳಲ್ಲಿ ಉಜ್ಜಿದರೆ ಛತ್ರಿಯ ಬಟ್ಟೆಯ ಹಾಗೆ ಸರಸರ ಅನ್ನುತ್ತಿತ್ತು. ಒಳಗಡೆ ತಿರುಗಿಸಿ ನೋಡಿದರೆ ಪೂರ್ತಿ ಬಿಳಿ, ಅಂದರೆ ಬಣ್ಣ ಮೇಲ್ಮೈಗೆ ಮಾತ್ರ ಒತ್ತಿದ್ದು. ಅಮ್ಮ ಗೊತ್ತಿಲ್ಲದೆ ಅದನ್ನು ನನ್ನ ಬನಿಯನ್‌ಗಳ ಜೊತೆ ಮಷೀನಿಗೆ ಹಾಕಿದರು. ಪ್ಯಾಂಟ್ ಮಂಕಾಗಿ ಬಂತು, ಬನಿಯನ್‌ಗಳು ತೆಳು ಪಾಚಿಯ ಬಣ್ಣ ಬಳಿದುಕೊಂಡು ಬಂದವು. ವಾಪಸ್ ಮಾಡೋಣ ಅಂತ ಬರೆದರೆ 'ಒಗೆದ ಬಟ್ಟೆ ವಾಪಸ್ ತಗೊಳ್ಳುವುದಿಲ್ಲ' ಅಂತ ಒಂದೇ ಸಾಲಿನ ಉತ್ತರ. ಅದರಲ್ಲಿ ಅವರ ತಪ್ಪು ಅಂತ ಹೇಳೋಕೂ ಆಗಲ್ಲ. ನೀವಾದರೆ ಒಗೆಯುವ ಮುಂಚೆ ಒದ್ದೆ ಕರ್ಚೀಫಿನಿಂದ ಒಳ ಹೊಲಿಗೆಯ ಹತ್ತಿರ ಚೆನ್ನಾಗಿ ಉಜ್ಜಿ ನೋಡಿ. ಕರ್ಚೀಫಿಗೆ ಬಣ್ಣ ಹತ್ತಿದರೆ ಟ್ಯಾಗ್ ಕೀಳದೆ ಅದೇ ಕವರಿನಲ್ಲಿ ವಾಪಸ್ ಕಳಿಸಿ.

ಇನ್ನು ಜೇಬು. ಕಾರ್ಗೋ ಅಂದಮೇಲೆ ಜೇಬಿನದೇ ಕಥೆ ಅಲ್ವಾ? ತೊಡೆಯ ಮೇಲೆ ದೊಡ್ಡ ಜೇಬು ಹೊಲಿಯುವ ಪದ್ಧತಿ 1930ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸೈನಿಕರ ಪ್ಯಾಂಟಿನಲ್ಲಿ ಬಂತು, ಮ್ಯಾಪ್ ಇಟ್ಟುಕೊಳ್ಳಲಿ ಅಂತ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪ್ಯಾರಾಶೂಟ್ ಸೈನಿಕರ ಪ್ಯಾಂಟಿಗೆ ಇನ್ನೂ ದೊಡ್ಡ ಜೇಬು ಬಂತು. ಮ್ಯಾಪ್ ಇಡುವ ಜೇಬಿನಲ್ಲಿ ನಾನು ಪವರ್ ಬ್ಯಾಂಕ್ ಇಟ್ಟೆ. ನನ್ನ ಎತ್ತರ ಐದಡಿ ಐದಿಂಚು. ಆ ಪ್ಯಾಂಟನ್ನು ಆರಡಿಯವನ ಅಳತೆಗೆ ಹೊಲಿದಿದ್ದರು. ಹಾಗಾಗಿ ತೊಡೆಯ ಜೇಬು ನನಗೆ ಮೊಣಕಾಲಿನ ಪಕ್ಕ ಬಂದು ಕೂತಿತು. ಒಂದೊಂದು ಹೆಜ್ಜೆಗೂ ಪವರ್ ಬ್ಯಾಂಕ್ ಮೂಳೆಗೆ ಬಡಿಯುತ್ತಿತ್ತು. ಟೈಲರ್ ಹತ್ತಿರ ಹೋದರೆ ಅವರು ಪ್ಯಾಂಟನ್ನು ಎತ್ತಿ ಹಿಡಿದು ನೋಡಿ, ಉದ್ದ ಕತ್ತರಿಸಬಹುದು, ಮೊಣಕಾಲಿಂದ ಕೆಳಗೆ ಸಣ್ಣ ಮಾಡಬಹುದು, ಜೇಬು ಮಾತ್ರ ಮೇಲೆ ತರೋಕಾಗಲ್ಲ ಅಂದರು. ಬಿಚ್ಚಿದರೆ ಹಳೆ ಹೊಲಿಗೆಯ ಗುರುತು ಉಳಿಯುತ್ತೆ. ಕುಳ್ಳಗಿರುವವರು ಇದನ್ನು ನೆನಪಿಟ್ಟುಕೊಳ್ಳಿ. ಕಾರ್ಗೋದಲ್ಲಿ ಉದ್ದ ಸರಿಮಾಡಬಹುದು, ಜೇಬಿನ ಜಾಗ ಸರಿಮಾಡೋಕಾಗಲ್ಲ. ಹಾಕಿಕೊಂಡು ನಿಂತಾಗ ಇಳಿಬಿಟ್ಟ ಕೈಯ ಬೆರಳ ತುದಿ ಜೇಬಿನ ಮುಚ್ಚಳಕ್ಕೆ ತಾಕಬೇಕು. ಅದಕ್ಕಿಂತ ಕೆಳಗಿದ್ದರೆ ಕಾಲು ಅರ್ಧಕ್ಕೆ ಕತ್ತರಿಸಿದ ಹಾಗೆ ಕಾಣುತ್ತೆ.

ಇಷ್ಟೆಲ್ಲ ಆದಮೇಲೂ ಅದನ್ನು ಹಾಕಿಕೊಂಡೆ. 2,897 ರೂಪಾಯಿ ಕೊಟ್ಟಿದ್ದೇನಲ್ಲ!

ಜುಲೈನಲ್ಲಿ ಗೆಳೆಯರ ಜೊತೆ ಅಂಬೋಲಿ ಫಾಲ್ಸ್ ನೋಡಲು ಹೊರಟೆ. ಬೆಂಗಳೂರಿಂದ ರಾತ್ರಿ ಟ್ರೇನ್ ಹತ್ತಿ ಬೆಳಗಾವಿಯಲ್ಲಿ ಇಳಿದು, ಒಂದು ದಿನ ಸೋದರಮಾವನ ಮನೆಯಲ್ಲಿದ್ದು, ಮಾರನೇ ದಿನ ಕಾರಿನಲ್ಲಿ ಹೋಗುವುದು ಅಂತ ಲೆಕ್ಕ. ಮಾವ ಸೇನೆಯಲ್ಲಿ ಸುಬೇದಾರ್ ಆಗಿ ನಿವೃತ್ತರಾದವರು. ಅವರ ಮನೆಗೆ ಆ ವೇಷದಲ್ಲಿ ಹೋಗುತ್ತಿದ್ದೇನೆ ಅಂತ ನನಗೆ ಹೊಳೆಯಲೇ ಇಲ್ಲ. ಬೆಳಗಾವಿ ಅಂದರೆ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರು. ಅಲ್ಲಿ ಬೆಳಗ್ಗೆ ಹಾಲು ತರಲು ಹೋದವನೂ ಸೈನಿಕರ ಪರೇಡ್ ಸದ್ದು ಕೇಳಿಸಿಕೊಂಡೇ ಬರುತ್ತಾನೆ.

ಬೆಳಗ್ಗೆ ಮಾವ ಸ್ನಾನಕ್ಕೆ ಹೋದಾಗ ನಾನು ಕ್ಯಾಂಪ್ ಕಡೆ ಒಂದು ಸುತ್ತು ಹಾಕಿ ಬರೋಣ ಅಂತ ಹೊರಟೆ. ಜಾಹೀರಾತಿನ ಹುಡುಗನ ಹಾಗೇ ಪೂರ್ತಿ ಸೆಟ್: ಪ್ಯಾಂಟ್, ಆಲಿವ್ ಟೀ ಶರ್ಟ್, ಬೂಟು, ಟೋಪಿ. ದೊಡ್ಡ ಮರಗಳು, ಸುಣ್ಣ ಬಳಿದ ಕಲ್ಲುಗಳು, ಚೊಕ್ಕ ರಸ್ತೆ. ಒಂದು ಗೇಟು ಚೆನ್ನಾಗಿ ಕಂಡಿತು. ಫೋನ್ ತೆಗೆದು ಸೆಲ್ಫಿ ಹೊಡೆದೆ. ಹೌದು, ಗೊತ್ತು. ಬೈಯಬೇಡಿ, ಬೈಗುಳದ ಕೋಟಾ ಮನೆಯಲ್ಲೇ ಮುಗಿದಿದೆ.

ಹಿಂದಿನಿಂದ ಒಬ್ಬ ಜವಾನರು ಬಂದು ಹಿಂದಿಯಲ್ಲಿ "ಯಾವ ಯೂನಿಟ್?" ಅಂತ ಕೇಳಿದರು. ಗಾಬರಿಯಲ್ಲಿ ನಾನು "ವೈಟ್‌ಫೀಲ್ಡ್" ಅಂದೆ.

ಅವರು ನಗಲಿಲ್ಲ. ಗುರುತಿನ ಚೀಟಿ ಕೇಳಿದರು. ಆಧಾರ್ ಮನೆಯಲ್ಲಿತ್ತು, ಕೈಯಲ್ಲಿ ಇದ್ದದ್ದು ಆಫೀಸಿನ ಕಾರ್ಡ್. ಇನ್ನೊಬ್ಬರು ಬಂದರು, ಆಮೇಲೆ ಒಬ್ಬ ಪೊಲೀಸರನ್ನು ಕರೆಸಿದರು. ಫೋನಿನ ಗ್ಯಾಲರಿ ತೆಗೆದು ತೋರಿಸಿದೆ, ಫೋಟೋ ಅಳಿಸಿದೆ. ಪ್ಯಾಂಟ್ ಎಲ್ಲಿ ತಗೊಂಡೆ, ಯಾಕೆ ತಗೊಂಡೆ, ಇಲ್ಲಿಗೆ ಯಾಕೆ ಬಂದೆ. ಮೂರು ಜನ, ಮೂರು ಸಲ, ಅದೇ ಪ್ರಶ್ನೆ. ಯಾರೂ ದನಿ ಎತ್ತಲಿಲ್ಲ, ಅದೇ ಜಾಸ್ತಿ ಹೆದರಿಕೆ ಹುಟ್ಟಿಸಿತು. ಜಿನುಗು ಮಳೆ ಬೇರೆ. ಪಾಲಿಯೆಸ್ಟರ್ ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತು. ಹೊಸ ಬೂಟಿನ ಮೇಲೆ ಹಸಿರು ನೀರು ಇಳಿಯುತ್ತಿರುವುದನ್ನು ನೋಡುತ್ತಾ ನಿಂತಿದ್ದೆ.

ಮಾವ ಸ್ಕೂಟರ್‌ನಲ್ಲಿ ಬಂದರು. ಅಲ್ಲಿದ್ದವರು "ರಾಮ್ ರಾಮ್ ಸಾಬ್" ಅಂದರು. ಮಾವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಏನಪಾ ಅಳಿಯಾ, ಭರ್ತಿ ಆಗೀಯೇನು? ನಮಗ ಹೇಳಲೇ ಇಲ್ಲಲಾ" ಅಂದರು. ಅಷ್ಟು ಹೊತ್ತು ಗಂಭೀರವಾಗಿದ್ದ ಜವಾನರು ಆಗ ನಕ್ಕರು. ಹೆಸರು, ವಿಳಾಸ, ಇನ್ನು ಮುಂದೆ ಇದನ್ನು ಹಾಕುವುದಿಲ್ಲ ಅಂತ ಒಂದು ಕಾಗದ ಬರೆಸಿಕೊಂಡು ಬಿಟ್ಟರು.

ಮನೆಗೆ ಬಂದು ಚಹಾ ಕುಡಿಯುತ್ತಾ ಮಾವ ಹೇಳಿದ್ದನ್ನು ಹೇಳುತ್ತೇನೆ, ಇದೇ ಮುಖ್ಯ. ನಾನು ಹಾಕಿದ್ದು ಸುಮ್ಮನೆ ಯಾವುದೋ ಮಿಲಿಟರಿ ಡಿಸೈನ್ ಅಲ್ಲ. ಭೂಸೇನೆ 2022ರ ಜನವರಿ 15ರಂದು, ಅಂದರೆ ಸೇನಾ ದಿನದಂದು, ಹೊಸ ಕಾಂಬ್ಯಾಟ್ ಸಮವಸ್ತ್ರ ತಂದಿತು. ಫ್ಯಾಷನ್ ಡಿಸೈನ್ ಕಲಿಸುವ ನಿಫ್ಟ್ ಸಂಸ್ಥೆಯ ಜೊತೆ ಸೇರಿ ಮಾಡಿಸಿದ ಡಿಜಿಟಲ್ ಪ್ರಿಂಟ್ ಅದು. ಹಳೆಯ ಸಮವಸ್ತ್ರದ ಹಾಗೆ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸುವುದಿಲ್ಲ, ಒಳಗೆ ಟೀ ಶರ್ಟ್ ಇರುತ್ತೆ. ಆ ವಿನ್ಯಾಸವನ್ನು ಸೇನೆ ತನ್ನ ಹೆಸರಿಗೆ ನೋಂದಣಿ ಮಾಡಿಸಿಕೊಂಡಿದೆ, ಅದು ಪೇಟೆಂಟ್ ಕಚೇರಿಯ ಪತ್ರಿಕೆಯಲ್ಲಿ 2022ರ ಅಕ್ಟೋಬರ್ 21ರಂದು ಪ್ರಕಟವಾಯಿತು. ಅಂದರೆ ಹೊರಗಿನವರು ಅದನ್ನು ಒತ್ತಿ ಮಾರುವ ಹಾಗಿಲ್ಲ. 'ಒರಿಜಿನಲ್ ಆರ್ಮಿ ಪ್ರಿಂಟ್' ಅಂತ ನನ್ನನ್ನು ಸೆಳೆದ ಸಾಲು ಇದೆಯಲ್ಲ, ಅದನ್ನು ಓದಿದ ತಕ್ಷಣ ಆ ಪೇಜ್ ಮುಚ್ಚಬೇಕಿತ್ತು. ನಕಲು ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ಇಪ್ಪತ್ತು ಅಡಿ ದೂರದಿಂದ ಯಾರಿಗೆ ಗೊತ್ತಾಗುತ್ತೆ? ಅದೇ ವರ್ಷ ಅಕ್ಟೋಬರ್ 8ರಂದು ವಾಯುಪಡೆ ಕೂಡ ತನ್ನ ಡಿಜಿಟಲ್ ಪ್ರಿಂಟ್ ಸಮವಸ್ತ್ರ ತೋರಿಸಿತು. ಆದ್ದರಿಂದ ಸಣ್ಣ ಚೌಕಗಳಿರುವ ಪ್ರಿಂಟ್ ಯಾವುದೇ ಬಣ್ಣದ್ದಿರಲಿ, ಅದರ ತಂಟೆಗೆ ಹೋಗದಿರುವುದೇ ಸರಿ.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ನಾನೇ ಓದಿದೆ. ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್. ಸೈನಿಕನಲ್ಲದವನು, ಜನ ತನ್ನನ್ನು ಸೈನಿಕ ಅಂತ ನಂಬಲಿ ಅನ್ನುವ ಉದ್ದೇಶದಿಂದ ಅಂಥ ಉಡುಪು ಹಾಕಿದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳೆಯ ಐಪಿಸಿಯಲ್ಲಿ ಇದು 140ನೇ ಸೆಕ್ಷನ್, ದಂಡ 500 ರೂಪಾಯಿ ಇತ್ತು. 'ಉದ್ದೇಶ' ಅನ್ನುವ ಮಾತು ಗಮನಿಸಿ. ಬರೀ ಹಸಿರು ಚುಕ್ಕೆಯ ಪ್ಯಾಂಟ್ ಹಾಕಿದ್ದಕ್ಕೇ ಅಪರಾಧ ಆಗುವುದಿಲ್ಲ. ಆದರೆ ನಮ್ಮ ಉದ್ದೇಶ ಬರೀ ಸ್ಟೈಲು ಅಂತ ಎದುರಿಗಿದ್ದವರಿಗೆ ಮನವರಿಕೆ ಆಗುವವರೆಗೆ ಮರದ ಕೆಳಗೆ ನಿಲ್ಲಬೇಕಲ್ಲ. ಅವರ ಅನುಮಾನಕ್ಕೂ ಕಾರಣ ಇದೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ನುಗ್ಗಿದ ಉಗ್ರರು ಸೇನೆಯ ಉಡುಪಿನಲ್ಲಿ ಬಂದಿದ್ದರು. ಅದಾದ ಮೇಲೆ ಸೇನೆಯೇ ಜನರಿಗೆ ಇಂಥ ಬಟ್ಟೆ ಹಾಕಬೇಡಿ, ಅಂಗಡಿಯವರಿಗೆ ಮಾರಬೇಡಿ ಅಂತ ಕೇಳಿಕೊಂಡಿತ್ತು.

ಹೊರದೇಶಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಕ್ರಿಕೆಟ್ ನೋಡಲು ವೆಸ್ಟ್ ಇಂಡೀಸ್‌ಗೆ ಹೋಗುವ ಹುಚ್ಚು ನಿಮಗಿದ್ದರೆ ಕ್ಯಾಮೊ ಬಟ್ಟೆಯನ್ನು ಬ್ಯಾಗಿಗೇ ಹಾಕಬೇಡಿ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್‌ಗಳಲ್ಲಿ ಸಾಮಾನ್ಯ ಜನ ಕ್ಯಾಮೊಫ್ಲಾಜ್ ಹಾಕುವುದೇ ಕಾನೂನಿಗೆ ವಿರುದ್ಧ. ಬಾರ್ಬಡೋಸ್‌ನಲ್ಲಿ ಮಕ್ಕಳಿಗೂ ವಿನಾಯಿತಿ ಇಲ್ಲ. ಜಿಂಬಾಬ್ವೆಯಲ್ಲೂ ಹಾಗೇ. ಅಲ್ಲಿ ಉದ್ದೇಶ, ಡಿಜಿಟಲ್, ಬಣ್ಣ ಅಂತೆಲ್ಲ ವಾದ ಮಾಡೋಕೆ ನಮ್ಮ ಮಾವ ಸ್ಕೂಟರ್‌ನಲ್ಲಿ ಬರುವುದಿಲ್ಲ.

ಹಾಗಂತ ನಾನು ಕ್ಯಾಮೊ ಬಿಟ್ಟಿಲ್ಲ. ನನಗೆ ಈಗಲೂ ಇಷ್ಟ. ಇನ್ನೊಂದು ತಗೊಂಡೆ, ಈ ಸಲ ಅಂಗಡಿಗೆ ಹೋಗಿ, ಹಾಕಿ ನೋಡಿ, ಕೂತು ಎದ್ದು ನೋಡಿ. ಬೂದಿ, ಕಪ್ಪು, ಬಿಳಿ ಬಣ್ಣದ ದೊಡ್ಡ ದೊಡ್ಡ ಮಚ್ಚೆ, ದಪ್ಪ ಹತ್ತಿ ಬಟ್ಟೆ, ಹಸಿರಿನ ಸುಳಿವೇ ಇಲ್ಲ. ಹಸಿರು-ಕಂದು ಎಲೆ ಎಲೆಯ ಹಾಗಿರುವ ಪ್ರಿಂಟ್ ಕೂಡ ಬೇಡ ಅಂತ ಮಾವ ಹೇಳಿದ್ದಾರೆ, ಸೇನೆಯ ಹಳೆಯ ಸಮವಸ್ತ್ರ ಹಾಗೇ ಇತ್ತು. ಈ ಹೊಸ ಪ್ಯಾಂಟಿನ ಮೇಲೆ ಕಪ್ಪು ಟೀ ಶರ್ಟ್ ಹಾಕುತ್ತೇನೆ, ಕೆಲವು ಸಲ ಬಿಳಿ ಲಿನನ್ ಅಂಗಿ, ತೋಳು ಮಡಚಿ. ತೆಳು ನೀಲಿ ಡೆನಿಮ್ ಅಂಗಿಯೂ ಹೊಂದುತ್ತೆ. ಮೇಲಿನ ಬಟ್ಟೆಯಲ್ಲಿ ಚೌಕಳಿ, ಪಟ್ಟೆ, ದೊಡ್ಡ ಅಕ್ಷರ ಏನೂ ಇರಬಾರದು. ಪ್ಯಾಂಟ್ ಒಂದೇ ಸಾಕಷ್ಟು ಗಲಾಟೆ ಮಾಡುತ್ತಿರುತ್ತೆ. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಬೂಟು, ಅಗಲದ ಬೆಲ್ಟ್, ಆಲಿವ್ ಟೀ ಶರ್ಟ್, ಟೋಪಿ, ಇವುಗಳಲ್ಲಿ ಒಂದೇ ಒಂದು ಸೇರಿದರೂ ಪ್ಯಾಂಟ್ ಹೋಗಿ ವೇಷ ಆಗುತ್ತೆ. ಮೊದಲ ಸಲ ನಾನು ನಾಲ್ಕರಲ್ಲಿ ಮೂರು ಸೇರಿಸಿಕೊಂಡಿದ್ದೆ. ತೊಡೆಯ ಜೇಬಿನಲ್ಲಿ ಕರ್ಚೀಫ್ ಬಿಟ್ಟು ಬೇರೇನೂ ಇಡುವುದಿಲ್ಲ. ಇಷ್ಟಾದರೂ ಕ್ಯಾಂಪ್ ಏರಿಯಾ, ಏರ್‌ಪೋರ್ಟ್, ಆಗಸ್ಟ್ 15ರ ಸುತ್ತಮುತ್ತಲ ದಿನಗಳಲ್ಲಿ ರೈಲ್ವೆ ಸ್ಟೇಷನ್, ಇಲ್ಲೆಲ್ಲ ಜೀನ್ಸ್ ಹಾಕಿಕೊಂಡು ಹೋಗುತ್ತೇನೆ. ಯಾರೋ ಬೇಡ ಅಂದಿದ್ದಾರೆ ಅಂತಲ್ಲ, ನನ್ನ ಎದೆ ಢವಢವ ಅನ್ನುತ್ತೆ.

ಹಳೆಯ ಪ್ಯಾಂಟ್ ಏನಾಯಿತು ಅಂತ ಕೇಳಬಹುದು. ಅವತ್ತೇ ಮಧ್ಯಾಹ್ನ ಮಾವನ ಓಣಿಗೆ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬಂದರು. ಅತ್ತೆ ಹಳೆ ಸೀರೆಗಳ ಗಂಟಿನ ಮೇಲೆ ನನ್ನ ಪ್ಯಾಂಟ್ ಇಟ್ಟರು. ಮಾವ ಅದನ್ನು ಎತ್ತಿಕೊಂಡು ಒಳಗೆ ಹೋಗಿ ಕತ್ತರಿ ತಂದರು. "ಇಪ್ಪತ್ತೆಂಟು ವರ್ಷದಾಗ ಇವರ ಡ್ರೆಸ್ಸಿಗೆ ನನಗ ಒಂದು ಬೋಗಾಣಿ ಸಿಕ್ಕಿಲ್ಲ ನೋಡು" ಅಂತ ಅತ್ತೆ ಗೊಣಗಿದರು. ಹರಿದ ಸಮವಸ್ತ್ರವನ್ನೂ ಮಾವ ಯಾವತ್ತೂ ಹೊರಗೆ ಕೊಟ್ಟವರಲ್ಲ, ಚಿಂದಿ ಮಾಡಿಯೇ ಬಿಸಾಡುವುದು. ನನ್ನದನ್ನೂ ಹಾಗೇ ಚಿಂದಿ ಮಾಡಿದರು, ಒಂದು ಜೇಬು ಬಿಟ್ಟು. ಅದು ಈಗ ಅವರ ಸ್ಕೂಟರ್ ಡಿಕ್ಕಿಯಲ್ಲಿ ಸ್ಪಾನರ್ ಇಡುವ ಚೀಲ. ಸ್ಪಾನರ್‌ಗಳಿಗೂ ಸ್ವಲ್ಪ ಹಸಿರು ಹತ್ತಿದೆಯಂತೆ.