ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ: ವೋಲ್ಟ್ ಮೀಟರ್, ಬಳೆ ಸೆನ್ಸರ್, ಶಂಟ್ ಮಾನಿಟರ್

ಕುಷ್ಟಗಿ ತಾಲೂಕಿನ ನಮ್ಮ ತೋಟದ ಮನೆ ಸೋಲಾರ್ ಮೇಲೆಯೇ ನಡೆಯುತ್ತದೆ. 12 ವೋಲ್ಟಿನ, 150 ಆಂಪಿಯರ್-ಅವರ್ (ಆಂಪಿಯರ್ ಗುಣಿಸು ಗಂಟೆ) ಸಾಮರ್ಥ್ಯದ, ಸೀಸ-ಆಮ್ಲದ ಎರಡು ಟ್ಯೂಬುಲರ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಮಾಡಿಕೊಂಡಿದ್ದೇವೆ. ಹಳೆಯ ಜೋಡಿ ಬಾಳಿಕೆಯ ಅವಧಿಗೆ ಮುನ್ನವೇ ಕೆಟ್ಟುಹೋದದ್ದರಿಂದ, ಹೊಸ ಜೋಡಿಗೆ ಎಷ್ಟು ತುಂಬಿತು, ಎಷ್ಟು ಖರ್ಚಾಯಿತು ಎಂದು ತೋರಿಸುವ ಮೀಟರ್ ಇರಲೇಬೇಕು ಎಂದು ತೀರ್ಮಾನಿಸಿ, ಒಂದರ ನಂತರ ಒಂದರಂತೆ ಮೂರು ಬಗೆಯವನ್ನು ಬಳಸಿ ನೋಡಿದೆ. ಅವುಗಳಲ್ಲಿ ಈಗ ಗೋಡೆಯ ಮೇಲೆ ಉಳಿದಿರುವುದು ಶಂಟ್ ಮಾನಿಟರ್ ಮಾತ್ರ.

ಸಾದಾ ಡಿಜಿಟಲ್ ವೋಲ್ಟ್ ಮೀಟರ್ ಮುನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಚಾರ್ಜೂ ಇಲ್ಲದೆ, ಲೋಡೂ ಇಲ್ಲದೆ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದರೆ 25.4 ವೋಲ್ಟ್ ಇದ್ದಾಗ ತುಂಬಿದೆ, 24.4ರ ಹತ್ತಿರ ಅರ್ಧವಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಜನವಿರುವ ಮನೆಯಲ್ಲಿ ಬ್ಯಾಟರಿ ಹಾಗೆ ಸುಮ್ಮನಿರುವ ಹೊತ್ತು ಬರುವುದೇ ಇಲ್ಲ. ಮಿಕ್ಸರ್ ಹಾಕಿದರೆ ಅಂಕಿ ಕುಸಿಯುತ್ತದೆ, ಬಿಸಿಲು ಬಿದ್ದರೆ 27 ದಾಟುತ್ತದೆ.

ಎರಡನೆಯದು, ಕೇಬಲ್ಲಿಗೆ ಬಳೆಯಂತೆ ತೊಡಿಸುವ, ಅದರ ಸುತ್ತಲಿನ ಕಾಂತಕ್ಷೇತ್ರದಿಂದ ಕರೆಂಟನ್ನು ಅಳೆಯುವ ಹಾಲ್ ಸೆನ್ಸರ್ ಇರುವ ಮೀಟರ್. ಬೆಲೆ ಎರಡು ಸಾವಿರದ ಆಸುಪಾಸು. ಜೋಡಿಸುವುದು ಬಲು ಸುಲಭ. ಕೇಬಲ್ ಕತ್ತರಿಸಬೇಕಿಲ್ಲ, ತುದಿಗೆ ಹೊಸ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಕಿವಿ) ಒತ್ತಿಸಬೇಕಿಲ್ಲ, ಬ್ಯಾಟರಿಯ ಟರ್ಮಿನಲ್ ಬಿಚ್ಚಿ ಕೇಬಲ್ಲನ್ನು ಬಳೆಯೊಳಗೆ ತೂರಿಸಿದರೆ ಮುಗಿಯಿತು. ಆದರೆ ಹಾಲ್ ಸೆನ್ಸರಿನ ಸೊನ್ನೆ ಶಾಖಕ್ಕೆ ಜರುಗುತ್ತದೆ. ನಮ್ಮ ಬ್ಯಾಟರಿಗಳಿರುವುದು ತಗಡಿನ ಶೆಡ್ಡಿನಲ್ಲಿ; ಹೊರಗೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದರ ಒಳಗಿನ ಕಾವು ಹೇಳುವುದೇ ಬೇಡ. ಏನೂ ಹರಿಯದಿದ್ದಾಗಲೂ ಮೀಟರ್ 0.2 ಆಂಪಿಯರ್ ತೋರಿಸಿದರೆ, ದಿನವೊಂದಕ್ಕೆ ಐದು ಆಂಪಿಯರ್-ಅವರ್ ಸಮೀಪದ ಸುಳ್ಳು ಲೆಕ್ಕ ಸೇರುತ್ತದೆ. ವಾರ ಕಳೆಯುವಷ್ಟರಲ್ಲಿ ಶೇಕಡಾವಾರು ಅಂಕಿಗೆ ಅರ್ಥವೇ ಉಳಿಯುವುದಿಲ್ಲ.

ಶಂಟ್ ಎಂದರೆ ಬ್ಯಾಟರಿಯ ಮೈನಸ್ ದಾರಿಯಲ್ಲಿ ಕೂರಿಸುವ, ತೀರಾ ಕಡಿಮೆ ರೋಧವಿರುವ ಲೋಹದ ತುಂಡು; ಕರೆಂಟು ಹರಿದಾಗ ಅದರ ಎರಡು ತುದಿಗಳ ನಡುವೆ ಬರುವ ಅಲ್ಪ ವೋಲ್ಟೇಜನ್ನು ಅಳೆದು ಮಾನಿಟರ್ ಕರೆಂಟಿನ ಲೆಕ್ಕ ಇಡುತ್ತದೆ. ನನ್ನದು 500 ಆಂಪಿಯರಿಗೆ 50 ಮಿಲಿವೋಲ್ಟ್ ಅಳತೆಯದು, ಅಂದರೆ ಒಂದು ಆಂಪಿಯರಿಗೆ ಸಿಗುವುದು 0.1 ಮಿಲಿವೋಲ್ಟ್ ಮಾತ್ರ. ಹಾಯಿದೋಣಿಗಳಲ್ಲಿ ಬಳಕೆಯಲ್ಲಿರುವುದೂ ಇದೇ ಬಗೆಯ ಮಾನಿಟರ್. ದಡದ ಕರೆಂಟಿನ ಹಂಗಿಲ್ಲದೆ ದಿನಗಟ್ಟಲೆ ನೀರಿನ ಮೇಲಿರುವವರ ಅಗತ್ಯಕ್ಕೂ ತೋಟದ ಮನೆಯ ಅಗತ್ಯಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಜೋಡಿಸುವಾಗಿನ ನಿಯಮ ಒಂದೇ: ಬ್ಯಾಟರಿಯ ಮೈನಸ್ ಶಂಟಿನ ಒಂದು ಬದಿಗೆ ಒಂಟಿಯಾಗಿರಬೇಕು, ಇನ್ವರ್ಟರ್, ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಬಿಡುವ ಚಾರ್ಜ್ ಕಂಟ್ರೋಲರ್ ಮುಂತಾದ ಉಳಿದೆಲ್ಲದರ ಮೈನಸ್ ಇನ್ನೊಂದು ಬದಿಗೆ ಬರಬೇಕು. ವೈರಿಂಗಿಗೆ ಬಂದ ಹುಡುಗ, "ಮೈನಸ್ ಎಲ್ಲಿ ಕಟ್ಟಿದ್ರೂ ಅಷ್ಟ ಅಲ್ಲೇನ್ರೀ ಸರ" ಎಂದು ಕಂಟ್ರೋಲರಿನ ತಂತಿಯನ್ನು ನೇರವಾಗಿ ಬ್ಯಾಟರಿಗೇ ಬಿಗಿಯಲು ಹೊರಟಿದ್ದ. ಹಾಗೆ ಬಿಗಿದರೆ ಪ್ಯಾನೆಲ್ಲಿನಿಂದ ಬರುವ ಕರೆಂಟು ಲೆಕ್ಕಕ್ಕೇ ಸಿಗುವುದಿಲ್ಲ.

ಇಷ್ಟೆಲ್ಲ ಸರಿಯಾದ ಮೇಲೂ ನನ್ನನ್ನು ಬಹುಕಾಲ ಕಾಡಿದ್ದು 'ನೂರು ಪ್ರತಿಶತ' ಎಂಬ ಅಂಕಿ. ಮುಂಗಾರಿನ ಮೋಡ ಕವಿಯತೊಡಗಿದ ಮೇಲೆ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಮಾನಿಟರ್ ಬ್ಯಾಟರಿ ತುಂಬಿತೆಂದು ಸಾರುತ್ತಿತ್ತು. ಸಂದೇಹದಿಂದ ಬ್ಯಾಟರಿಯ ಮುಚ್ಚಳ ತೆಗೆದು, ಒಳಗಿನ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿದರೆ 1.190. ತುಂಬಿದ ನಮ್ಮ ಬ್ಯಾಟರಿಯಲ್ಲಿ ಅದು 1.240 ಇರಬೇಕು.

ಕಾರಣ ಮಾನಿಟರಿನ ಮೂಲ ಸೆಟ್ಟಿಂಗಿನಲ್ಲಿತ್ತು. ವೋಲ್ಟೇಜ್ 26.4ಕ್ಕಿಂತ ಮೇಲಿದ್ದು, ಬ್ಯಾಟರಿಯೊಳಗೆ ಹೋಗುವ ಕರೆಂಟು ಸಾಮರ್ಥ್ಯದ ಶೇ. 4ಕ್ಕಿಂತ, ಅಂದರೆ 6 ಆಂಪಿಯರಿಗಿಂತ ಕೆಳಗಿಳಿದು ಮೂರು ನಿಮಿಷ ಹಾಗೆಯೇ ಉಳಿದರೆ, ಅದು ತುಂಬಿತೆಂದು ಬಗೆದು ಲೆಕ್ಕವನ್ನು ನೂರಕ್ಕೆ ತಂದು ನಿಲ್ಲಿಸುತ್ತದೆ. ಸ್ಥಿರವಾಗಿ ಚಾರ್ಜ್ ಕೊಡುವ ಮೂಲಕ್ಕೆ ಈ ನಿಯಮ ಸರಿಯೇ. ಸೋಲಾರಿನಲ್ಲಿ ಮೋಡ ಅಡ್ಡ ಬಂದಾಗ ಪ್ಯಾನೆಲ್ಲಿನ 20 ಆಂಪಿಯರ್ 8ಕ್ಕಿಳಿಯುತ್ತದೆ, ಅದರಲ್ಲಿ 5 ಮನೆಗೇ ಹೋಗುತ್ತದೆ, ಬ್ಯಾಟರಿಗೆ ದಕ್ಕುವುದು 3. ಆಗಷ್ಟೇ ಚಾರ್ಜಾಗುತ್ತಿದ್ದುದರಿಂದ ವೋಲ್ಟೇಜ್ ಇನ್ನೂ 26.4ರ ಮೇಲೆಯೇ ಇರುತ್ತದೆ. ಅರ್ಧಂಬರ್ಧ ತುಂಬಿದ ಬ್ಯಾಟರಿಗೆ ಮಾನಿಟರ್ ಪೂರ್ತಿ ಅಂಕ ಕೊಟ್ಟುಬಿಡುತ್ತದೆ, ಆ ಅಂಕಿಯನ್ನು ನಂಬಿ ರಾತ್ರಿಯಿಡೀ ಫ್ಯಾನ್ ಹಾಕಿದರೆ ಬ್ಯಾಟರಿ ಆಳಕ್ಕಿಳಿಯುತ್ತದೆ. ಸೀಸದ ಬ್ಯಾಟರಿ ದಿನವೂ ಹೀಗೆ ಅರೆಹೊಟ್ಟೆಯಲ್ಲಿ ಉಳಿದರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ.

ನಮ್ಮ ಕಂಟ್ರೋಲರ್ ಚಾರ್ಜಿನ ಕೊನೆಯ ಹಂತದಲ್ಲಿ 28.8 ವೋಲ್ಟ್ ಹಿಡಿದಿಡುತ್ತದೆ. ಆದ್ದರಿಂದ 'ತುಂಬಿದ' ವೋಲ್ಟೇಜನ್ನು 28.4ಕ್ಕೆ ಏರಿಸಿ, ಕರೆಂಟಿನ ಮಿತಿಯನ್ನು ಶೇ. 2ಕ್ಕೆ ಇಳಿಸಿ, ಕಾಯುವ ಅವಧಿಯನ್ನು ಹೆಚ್ಚಿಸಿದೆ. ಈಗ ಮೋಡ ಬಂದರೆ ವೋಲ್ಟೇಜ್ 28.4ರ ಕೆಳಗೆ ಜಾರುವುದರಿಂದ ಸುಳ್ಳು ನೂರು ಬರುವುದಿಲ್ಲ, ಹೈಡ್ರೋಮೀಟರಿಗೂ ಮಾನಿಟರಿಗೂ ತಾಳೆಯಾಗುತ್ತದೆ. ಜಡಿಮಳೆಯ ವಾರದಲ್ಲಿ ಬ್ಯಾಟರಿ ಒಮ್ಮೆಯೂ ನಿಜವಾಗಿ ತುಂಬದಿದ್ದರೆ ಲೆಕ್ಕ ಸ್ವಲ್ಪ ಸ್ವಲ್ಪವೇ ದಾರಿ ತಪ್ಪುತ್ತದೆ; ಆಗ ಜನರೇಟರಿನಿಂದ ಒಂದು ಪೂರ್ತಿ ಚಾರ್ಜ್ ಕೊಟ್ಟು ಸರಿಪಡಿಸಿಕೊಳ್ಳುತ್ತೇನೆ.

ಮೊಬೈಲಿನಲ್ಲಿ ನೋಡುವ ಸೌಲಭ್ಯ ಚೆನ್ನಾಗಿದೆ. ಏನೂ ಹಾಕದೆ ಇನ್ವರ್ಟರ್ ಮಾತ್ರ ಆನ್ ಇದ್ದರೂ ಅದೊಂದೇ ಒಂದು ಆಂಪಿಯರಿನ ಹತ್ತಿರ ಹೀರುತ್ತದೆ ಎಂದು ತಿಳಿದದ್ದು ಇದರಿಂದಲೇ. ಹೊಲದಲ್ಲೇ ದಿನ ಕಳೆಯುವ ನಾವು ಈಗ ಹಗಲಲ್ಲಿ ಅದನ್ನು ಬಂದ್ ಮಾಡಿ ಹೋಗುತ್ತೇವೆ.

ಕೇಬಲ್, ಲಗ್, ಫ್ಯೂಸ್ ಸೇರಿ ಶಂಟ್ ಮಾನಿಟರಿನ ಖರ್ಚು ಹತ್ತು ಸಾವಿರ ದಾಟಿತು. ಬ್ಯಾಟರಿ ಜೋಡಿಯ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚಿರುವುದರಿಂದಲೂ, ರಾತ್ರಿ ಮಲಗುವ ಮುನ್ನ ಅಂಕಿ ನೋಡಿಯೇ ಫ್ಯಾನ್ ಎಷ್ಟು ಹಾಕಬೇಕೆಂದು ತೀರ್ಮಾನಿಸುವುದು ನಮ್ಮ ಮನೆಯ ರೂಢಿಯಾದ್ದರಿಂದಲೂ ನನಗೆ ಅದು ಭಾರವೆನಿಸಲಿಲ್ಲ. ಸಿಂಧನೂರಿನಲ್ಲಿರುವ ತಮ್ಮ ಕೇಳಿದಾಗ ಮಾತ್ರ ವೋಲ್ಟ್ ಮೀಟರೇ ಸಾಕೆಂದೆ. ಅವನ ಮನೆಗೆ ಲೈನಿನ ಕರೆಂಟಿದೆ, ಬ್ಯಾಟರಿ ಕೆಲಸಕ್ಕೆ ಬರುವುದು ಕರೆಂಟ್ ಹೋದಾಗಷ್ಟೇ, ಉಳಿದ ಹೊತ್ತೆಲ್ಲ ಅದು ತುಂಬಿಯೇ ಇರುತ್ತದೆ.