ಅಳಿವೆಯಲ್ಲಿ ಗಾಳ ಹಾಕಲು ಕಯಾಕ್: ಐದಾರು ವರ್ಷ ಬಳಸಿದ ಮೇಲೆ

ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಜೊತೆ ಬಂದ ರಾಡ್ ಹೋಲ್ಡರ್, ಸೀಟು, ಡಬ್ಬಿ ಎಲ್ಲಕ್ಕಿಂತ ಜಾಸ್ತಿ ಮೀನು ಕೊಟ್ಟಿದ್ದು, ಆಮೇಲೆ ಕೆಲವು ನೂರು ರೂಪಾಯಿಗೆ ನಾನೇ ಕಟ್ಟಿಕೊಂಡ ಒಂದು ಹಗ್ಗ, ಎರಡು ರಾಟೆ, ಒಂದು ಬಳೆ. ಅದಕ್ಕೆ ಆಂಕರ್ ಟ್ರಾಲಿ ಅನ್ನುತ್ತಾರೆ. ಹೊಸದಾಗಿ ಕಯಾಕ್ ಕೊಳ್ಳಲು ಹೊರಟವರು ಎಷ್ಟು ರಾಡ್ ನಿಲ್ಲಿಸಬಹುದು, ನೀರೊಳಗಿನ ಮೀನು, ತಳ ತೋರಿಸುವ ಫಿಶ್ ಫೈಂಡರ್ ಕೂರಿಸಲು ಜಾಗ ಇದೆಯಾ ಅಂತ ಕೇಳುತ್ತಾರೆ. ಹರಿಯುವ ನೀರಿನಲ್ಲಿ ಇದನ್ನು ನಿಲ್ಲಿಸುವುದು ಹೇಗೆ ಅಂತ ಕೇಳುವವರು ಕಡಿಮೆ. ಗಾಳ ಹಾಕುವವನಿಗೆ ಮುಖ್ಯ ಅದೇ.

ಮೊದಲು ದೋಣಿಯ ವಿಷಯ. ನನ್ನದು ಮೇಲೆ ಕೂರುವ ನಮೂನೆಯದು. ಹನ್ನೆರಡು ಅಡಿ ಉದ್ದ, 32 ಇಂಚು ಅಗಲ, ಸೀಟು ಬಿಟ್ಟು ಮೂವತ್ತು ಕಿಲೋ ಮೇಲೆ ತೂಕ. ಪಾಲಿಎಥಿಲೀನ್ ಪುಡಿಯನ್ನು ಅಚ್ಚಿನಲ್ಲಿ ಕರಗಿಸಿ ತಿರುಗಿಸಿ ಮಾಡಿದ ಒಂದೇ ತುಂಡಿನ ಒಡಲು. ಕೂರುವ ಜಾಗದಲ್ಲಿ ಆರ್‌ಪಾರ್ ತೂತುಗಳಿವೆ, ಒಳಗೆ ಬಂದ ನೀರು ತಾನಾಗಿ ಇಳಿದುಹೋಗುತ್ತದೆ. ಹೆಚ್ಚುಕಡಿಮೆ ಇದೇ ಆಕಾರದ ಕಯಾಕ್ ಹಲವು ಹೆಸರಿನಲ್ಲಿ ಮಾರಾಟಕ್ಕಿದೆ. ಹಾಗಾಗಿ ಕಂಪನಿ ಹೆಸರು ಬಿಟ್ಟು, ಈ ಜಾತಿಯ ಕಯಾಕ್ ನಮ್ಮ ಕರಾವಳಿಯ ನೀರಿನಲ್ಲಿ ಹೇಗೆ ಬಾಳಿಕೆ ಬರುತ್ತದೆ ಅನ್ನುವುದನ್ನಷ್ಟೇ ಬರೆಯುತ್ತೇನೆ. ನಾನು ಜಾಸ್ತಿ ಹೋಗುವುದು ಉಡುಪಿ ಜಿಲ್ಲೆಯ ಹಿನ್ನೀರಿಗೆ. ಸಾಲಿಗ್ರಾಮದ ಪಾರಂಪಳ್ಳಿ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹಂಗಾರಕಟ್ಟೆ, ಸೀತಾ ಮತ್ತು ಸುವರ್ಣಾ ನದಿಗಳು ಸಮುದ್ರ ಸೇರುವ ಕೋಡಿಬೆಂಗ್ರೆ ಅಳಿವೆಯ ಒಳಭಾಗ.

ಈ ನೀರು ನಿಲ್ಲುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹತ್ತುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಆಗ ಸಣ್ಣ ಕಾಲುವೆಯ ಬಾಯಲ್ಲಿ ನಿಂತರೆ ಹುಟ್ಟು ಕೆಳಗಿಟ್ಟು ರಾಡ್ ಎತ್ತುವಷ್ಟರಲ್ಲಿ ಕಯಾಕ್ ಜಾಗ ಬಿಟ್ಟಿರುತ್ತದೆ. ಪಾತಿ ದೋಣಿಯವರು ಒಂದು ಗಳ ಊರಿ, ಅದಕ್ಕೆ ಹಗ್ಗ ಕಟ್ಟಿ ಆರಾಮಾಗಿ ನಿಲ್ಲುತ್ತಾರೆ. ಕಯಾಕ್‌ಗೆ ಲಂಗರು ಬೇಕು. ಆದರೆ ಲಂಗರಿನ ಹಗ್ಗವನ್ನು ಕೈಗೆ ಎಟುಕುತ್ತದೆ ಅಂತ ಸೀಟಿನ ಪಕ್ಕಕ್ಕೆ ಕಟ್ಟಲೇಬಾರದು. ಹಾಗೆ ಕಟ್ಟಿದರೆ ಕಯಾಕ್ ಹರಿವಿಗೆ ಅಡ್ಡ ತಿರುಗುತ್ತದೆ. ಹಗ್ಗ ಆ ಬದಿಯನ್ನು ಕೆಳಕ್ಕೆ ಎಳೆಯುತ್ತದೆ, ನೀರು ಅದರ ಮೇಲೆ ಹತ್ತುತ್ತದೆ. ನೀವು ಕೆಳಗೆ, ದೋಣಿ ಮೇಲೆ. ಇಷ್ಟಾಗಲು ಒಂದು ಕ್ಷಣ ಸಾಕು.

ಟ್ರಾಲಿ ಇದಕ್ಕೇ ಇರುವುದು. ಮೂತಿಯ ಹತ್ತಿರ ಒಂದು ಸಣ್ಣ ರಾಟೆ, ಬಾಲದ ಹತ್ತಿರ ಇನ್ನೊಂದು. ಎರಡರ ನಡುವೆ ಕಯಾಕ್ ಪಕ್ಕಕ್ಕೇ ಓಡುವ ಹಗ್ಗದ ಸುತ್ತು. ಆ ಸುತ್ತಿನಲ್ಲಿ ಒಂದು ಸ್ಟೀಲ್ ಬಳೆ. ಲಂಗರಿನ ಹಗ್ಗ ಬಳೆಯೊಳಗಿಂದ ಹಾದು ನನ್ನ ಪಕ್ಕದ ಕ್ಲೀಟಿಗೆ (ಹಗ್ಗ ಸಿಕ್ಕಿಸಿ ನಿಲ್ಲಿಸುವ ಹಿಡಿಕೆಗೆ) ಬರುತ್ತದೆ. ಕೂತಲ್ಲೇ ಸುತ್ತಿನ ಹಗ್ಗ ಎಳೆದರೆ ಬಳೆ ಮೂತಿಗೆ ಹೋಗುತ್ತದೆ, ಇಲ್ಲವೇ ಬಾಲಕ್ಕೆ ಬರುತ್ತದೆ. ನೀರಿನ ಓಟ ಜೋರಿದ್ದಾಗ ಬಳೆ ಮೂತಿಯಲ್ಲೇ ಇರಬೇಕು, ಆಗ ಕಯಾಕ್ ಹರಿವಿಗೆ ಮುಖ ಕೊಟ್ಟು ನಿಲ್ಲುತ್ತದೆ. ಓಟ ನಿಧಾನ ಇದ್ದರೆ ಬಳೆಯನ್ನು ಬಾಲಕ್ಕೆ ತರುತ್ತೇನೆ. ಕಯಾಕ್ ಸಾವಕಾಶ ತಿರುಗಿ ನನ್ನ ಮುಖ ಹರಿವಿನ ಕೆಳದಿಕ್ಕಿಗೆ ಬರುತ್ತದೆ. ನಾನು ಗಾಳ ಎಸೆಯಬೇಕಾದ ಜಾಗ ಎದುರಿಗೇ ಇರುತ್ತದೆ.

ಲಂಗರು ಮಡಚುವ ನಾಲ್ಕು ಕೊಂಡಿಯದು, ಒಂದೂವರೆ ಕಿಲೋ. ಮೂರು ಮೀಟರ್ ಆಳಕ್ಕೆ ಹದಿನೈದು ಮೀಟರ್ ಹಗ್ಗ ಬಿಡುತ್ತೇನೆ. ಹಗ್ಗ ಗಿಡ್ಡವಾದರೆ ಲಂಗರು ಮೇಲಕ್ಕೆ ಎಳೆದುಕೊಂಡು ಜಾರುತ್ತದೆ, ಹಿಡಿಯುವುದಿಲ್ಲ. ಹಗ್ಗದ ತುದಿಯನ್ನು ಲಂಗರಿನ ಬುಡಕ್ಕೆ ಕಟ್ಟಿ, ಅದರ ತಲೆಯ ಬಳೆಗೆ ಬರೀ ಒಂದು ಪ್ಲಾಸ್ಟಿಕ್ ಜಿಪ್ ಟೈ ಹಾಕಬೇಕು. ಕಾಂಡ್ಲಾ ಬೇರಿನಲ್ಲೋ ಬಂಡೆಯಲ್ಲೋ ಸಿಕ್ಕಿಕೊಂಡರೆ ಜೋರಾಗಿ ಎಳೆದಾಗ ಟೈ ತುಂಡಾಗುತ್ತದೆ, ಲಂಗರು ಹಿಮ್ಮುಖವಾಗಿ ಬಿಟ್ಟು ಬರುತ್ತದೆ. ಹಗ್ಗದ ಇನ್ನೊಂದು ತುದಿಗೆ ತೇಲುವ ಬುರುಡೆ ಕಟ್ಟಿರಿ. ಮರದ ದಿಮ್ಮಿ ತೇಲಿ ಬಂತು, ಯಾಂತ್ರಿಕ ದೋಣಿ ಬಂತು ಅಂದರೆ ಕ್ಲೀಟಿನಿಂದ ಬಿಡಿಸಿ ಎಸೆದು ಹೋಗಬಹುದು. ಬುರುಡೆಯನ್ನು ಆಮೇಲೆ ಬಂದು ಹಿಡಿದುಕೊಂಡರಾಯಿತು. ಹಗ್ಗ ಕತ್ತರಿಸಲು ಒಂದು ಚೂರಿಯೂ ಲೈಫ್ ಜಾಕೆಟ್ ಮೇಲೇ ಇರಲಿ.

ಇದು ಮೀನು ಹೇಗೆ ಕೊಡುತ್ತದೆ ಅಂದರೆ, ಉಬ್ಬರ ತುಂಬಿ ಇಳಿತ ಶುರುವಾದ ಮೊದಲ ಎರಡು ಗಂಟೆ ನೋಡಿ. ಕಾಂಡ್ಲಾ ಬೇರುಗಳ ನಡುವೆ ನುಗ್ಗಿದ್ದ ನೀರು ಸಣ್ಣ ಕಾಲುವೆಗಳಿಂದ ಹೊರಗೆ ಬರುತ್ತದೆ. ಜೊತೆಗೆ ಸಿಗಡಿ, ಪಯ್ಯ ಮರಿ, ಪುಡಿ ಮೀನು. ಕಾಲುವೆ ಬಾಯಿಯಲ್ಲಿ ಬೇಟೆಗೆ ಕೆಂಬೇರಿ (ರೆಡ್ ಸ್ನ್ಯಾಪರ್), ಕುರುಡಿ (ಸೀ ಬಾಸ್) ಮೀನುಗಳು ಕಾದಿರುತ್ತವೆ. ಬಾಯಿಯಿಂದ ಹದಿನೈದಿಪ್ಪತ್ತು ಮೀಟರ್ ದೂರದಲ್ಲಿ ನಿಂತು, ಬೇರಿನ ಅಂಚಿಗೆ ಒಂದಡಿ ಹತ್ತಿರ ಗಾಳ ಕಟ್ಟಿದ ನಕಲಿ ರಬ್ಬರ್ ಮೀನು ಬೀಳಬೇಕು. ಎರಡಡಿ ದೂರ ಬಿದ್ದರೆ ಕೆಂಬೇರಿ ಸುಮ್ನೆ ಹೊರಗೆ ಬರುವುದಿಲ್ಲ. ಇಷ್ಟು ಗುರಿ ಬೇಕಾದರೆ ದೋಣಿ ಅಲ್ಲಾಡದೆ ನಿಂತಿರಬೇಕು, ಅಲ್ವಾ?

ಕಚ್ಚಿದ ಮೇಲೆ ಇನ್ನೂ ಮುಖ್ಯ. ಕೆಂಬೇರಿ ಕಚ್ಚುವುದೂ ಬೇರಿಗೆ ತಿರುಗುವುದೂ ಒಂದೇ ಏಟಿಗೆ. ರಾಡಿನ ತುದಿ ನೀರಿಗೆ ತಾಗುತ್ತದೆ, ದಾರ ನೀರು ಸೀಳುತ್ತಾ ಓಡುತ್ತದೆ. ದಡದಲ್ಲಿ ನಿಂತವರು ಡ್ರ್ಯಾಗ್ (ದಾರ ಬಿಚ್ಚಿಕೊಳ್ಳದಂತೆ ತಡೆಯುವ ರೀಲಿನ ಬ್ರೇಕ್) ಬಿಗಿ ಮಾಡಿ ತಡೆಯುತ್ತಾರೆ. ಕಟ್ಟದ ಕಯಾಕ್‌ನಲ್ಲಿ ಡ್ರ್ಯಾಗ್ ಎಷ್ಟು ಬಿಗಿ ಮಾಡಿದರೂ ಉಪಯೋಗ ಕಡಿಮೆ, ಯಾಕೆಂದರೆ ಕಯಾಕೇ ಮೀನಿನ ಹಿಂದೆ ಹೋಗುತ್ತದೆ. ಎರಡು ಕಿಲೋ ಮೀನು ನಿಮ್ಮನ್ನೂ ದೋಣಿಯನ್ನೂ ಸೇರಿಸಿ ಬೇರಿನ ಹತ್ತಿರಕ್ಕೆ ಎಳೆಯುತ್ತದೆ, ದಾರ ಸಡಿಲಾಗುತ್ತದೆ, ಅಲ್ಲಿಗೆ ಮುಗಿಯಿತು. ಬಾಲಕ್ಕೆ ಲಂಗರು ಕಟ್ಟಿದ್ದರೆ ದೋಣಿ ಮುಂದೆ ಹೋಗುವುದಿಲ್ಲ. ರಾಡನ್ನು ಪಕ್ಕಕ್ಕೆ ಬಾಗಿಸಿ ಮೀನಿನ ತಲೆ ತಿರುಗಿಸಲು ಅವಕಾಶ ಸಿಗುತ್ತದೆ. ಟ್ರಾಲಿ ಹಾಕಿದ ಮೇಲೆ ಕೆಂಬೇರಿ ಕಳೆದುಕೊಳ್ಳುವುದು ಎಷ್ಟು ಕಡಿಮೆಯಾಯಿತು ಅಂದರೆ, ಅದಿಲ್ಲದೆ ಕಾಂಡ್ಲಾ ಕಡೆ ಹೋಗಲು ಈಗ ಮನಸ್ಸೇ ಬರುವುದಿಲ್ಲ.

ಇದಕ್ಕೆ ಏಳು ಅಡಿಯ ಮೀಡಿಯಂ ಹೆವಿ ಸ್ಪಿನ್ನಿಂಗ್ ರಾಡ್ ಸಾಕು. ತೀರಾ ಗಿಡ್ಡ ರಾಡ್ ಬೇಡ. ಮೀನು ಮೂತಿಯ ಕೆಳಗಿಂದ ಆಚೆ ಬದಿಗೆ ಹೋದಾಗ ರಾಡಿನ ತುದಿ ಮೂತಿ ದಾಟಬೇಕು. 4000 ಅಳತೆಯ ರೀಲ್, ಮೂವತ್ತು ಪೌಂಡ್ ಎಳೆತ ತಡೆಯುವ ಹೆಣೆದ ದಾರ, ಅದರ ತುದಿಗೆ ನಲವತ್ತು ಪೌಂಡಿನ ಫ್ಲೋರೋಕಾರ್ಬನ್ ದಾರ ಒಂದು ಮೀಟರ್. ಕುರುಡಿಯ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ, ಬರೀ ಹೆಣೆದ ದಾರ ಅದಕ್ಕೆ ತಡೆಯುವುದಿಲ್ಲ. ಮರದ ಮೀನು, ಪ್ಲಾಸ್ಟಿಕ್ ಮೀನುಗಳಲ್ಲಿ ಬರುವ ಮೂರು ಮುಳ್ಳಿನ ಗಾಳ ತೆಗೆದು ಒಂಟಿ ಗಾಳ ಹಾಕಿಕೊಳ್ಳಿ. ಕಯಾಕ್‌ನಲ್ಲಿ ಮೀನು ಒದ್ದಾಡುವುದು ನಿಮ್ಮ ತೊಡೆಯ ಮೇಲೆ. ಉದ್ದ ಹಿಡಿಯ ಬಲೆಗಿಂತ ಗಿಡ್ಡ ಹಿಡಿಯ ರಬ್ಬರ್ ಬಲೆ ಕೈಗೆ ಚೆನ್ನಾಗಿ ಬರುತ್ತದೆ, ಗಾಳವೂ ಸಿಕ್ಕಿಕೊಳ್ಳುವುದಿಲ್ಲ.

ಜಾಗ ಬದಲಿಸುವಾಗ ಇಪ್ಪತ್ತು ಮೀಟರ್ ಹಿಂದೆ ಒಂದು ಮುಳುಗುವ ನಕಲಿ ಮೀನು ಎಳೆದುಕೊಂಡು ಹೋಗಿ. ನಡಿಗೆಯ ವೇಗ ಸಾಕು, ಡ್ರ್ಯಾಗ್ ಸ್ವಲ್ಪ ಸಡಿಲ ಇರಲಿ. ಕೊಕ್ಕರ ಮೀನು ನನಗೆ ಹೀಗೇ ಜಾಸ್ತಿ ಸಿಕ್ಕಿದ್ದು.

ಉಪ್ಪುನೀರು ಏನೇನು ತಿಂದಿತು ಅಂತ ಈಗ ಹೇಳಬೇಕು. ಒಡಲಿಗೆ ಏನೂ ಆಗಿಲ್ಲ. ಮರುವಾಯಿ ಚಿಪ್ಪಿನ ಮೇಲೆ ಎಳೆದ ಗೀರುಗಳಿವೆ, ಬಣ್ಣ ಮಾಸಿದೆ, ಅಷ್ಟೇ. ಸ್ಟೇನ್‌ಲೆಸ್ ಅಂತ ಮಾರಿದ ಸೀಟಿನ ಬೋಲ್ಟುಗಳು ಎರಡನೇ ಮಳೆಗಾಲದೊಳಗೆ ಕಂದು ಬಣ್ಣಕ್ಕೆ ತಿರುಗಿದವು. ಮಾರಿದವರಿಂದ ಬದಲಿ ಬರಲೇ ಇಲ್ಲ. ಉಪ್ಪುನೀರನ್ನು ಹೆಚ್ಚು ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್ ತಂದು ಹಾಕಿದೆ, ಅವು ಈಗಲೂ ಹೊಳೆಯುತ್ತಿವೆ. ರಾಡ್ ಹೋಲ್ಡರ್‌ಗೆ ಹೊಡೆದಿದ್ದ ಅಲ್ಯೂಮಿನಿಯಂ ರಿವೆಟ್‌ಗಳು ಬಿಳಿ ಪುಡಿಯಾಗಿ ಉದುರಿದವು. ಅಲ್ಯೂಮಿನಿಯಂ ಮತ್ತು ಸ್ಟೀಲ್ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳಿ. ಹುಟ್ಟಿನ ಅಲ್ಯೂಮಿನಿಯಂ ದಂಡವೂ ನಡುವಿನ ಜೋಡಣೆಯಲ್ಲಿ ಉಪ್ಪು ಕಟ್ಟಿ ಕಚ್ಚಿಕೊಳ್ಳುತ್ತದೆ, ಫೈಬರ್ ಗ್ಲಾಸ್ ತೆಗೆದುಕೊಳ್ಳಿ. ಈ ಅಗಲಕ್ಕೆ 240 ಸೆಂಟಿಮೀಟರ್ ಹುಟ್ಟು ಬೇಕು. ರೀಲನ್ನು ಪ್ರತಿ ಸಲವೂ ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಬೇಕು. ಜೋರಾಗಿ ಪೈಪ್ ಬಿಟ್ಟರೆ ಉಪ್ಪು ಒಳಗೆ ಹೋಗುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಮಾಡಿ ಇಡಿ.

ಪೆಡಲ್ ಕಯಾಕ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಹೋಬಿ ಕಂಪನಿ 1997ರಲ್ಲಿ ಕಾಲಿನಿಂದ ತುಳಿದು ನಡೆಸುವ ಮಿರಾಜ್ ಡ್ರೈವ್ ತಂದ ಮೇಲೆ ಕಯಾಕ್ ಮೀನುಗಾರಿಕೆಯೇ ಬದಲಾಯಿತು, ಕೈ ಎರಡೂ ರಾಡಿಗೆ ಸಿಕ್ಕವು. ತೆರೆದ ನೀರಿನಲ್ಲಿ ಅದು ನಿಜಕ್ಕೂ ಒಳ್ಳೆಯದು. ನಮ್ಮ ಹಿನ್ನೀರಿನಲ್ಲಿ ಮರಳ ದಿಬ್ಬ, ಬೇರು, ಬಲೆಯ ಹಗ್ಗ ಎಲ್ಲ ಇವೆ, ಹುಟ್ಟೇ ಸಲೀಸು. ಫಿಶ್ ಫೈಂಡರ್ ಇಲ್ಲಿ ಬೇಡ. ಬಲೆ ಕಟ್ಟಿದವರನ್ನು, ಮರುವಾಯಿ ಹೆಕ್ಕುವವರನ್ನು ಕೇಳಿ, ತಳ ಎಲ್ಲಿ ಇಳಿಯುತ್ತದೆ ಅಂತ ಅವರಿಗೆ ಗೊತ್ತು. ಅವರ ಬಲೆಯಿಂದ ದೂರ ಲಂಗರು ಹಾಕುವುದು ನಮ್ಮ ಕರ್ತವ್ಯ. ಅದು ಅವರ ಹೊಟ್ಟೆಪಾಡು, ನಮ್ಮದು ಹವ್ಯಾಸ.

ಅಳಿವೆಯ ಬಾಯಿ ದಾಟಿ ಕಡಲಿಗೆ ಕಯಾಕ್‌ನಲ್ಲಿ ಹೋಗುವ ಆಸೆ ಬಿಡಿ. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ಅಲೆ ಬಂದರೆ ಮರಳ ದಿಬ್ಬದ ಮೇಲೆ ಎದ್ದು ಒಡೆಯುತ್ತದೆ. ಮೊನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ. ಒಳಗೂ ಹೊತ್ತು ಏರಿದ ಮೇಲೆ ಕಡಲಗಾಳಿ ಏಳುತ್ತದೆ. ಗಾಳಿ ಒಂದು ಕಡೆ, ಇಳಿತ ಒಂದು ಕಡೆ ಆದರೆ ನೀರು ಕುದಿಯುತ್ತದೆ. ನಾನು ಅದಕ್ಕೂ ಮೊದಲೇ ದಡ ಸೇರುತ್ತೇನೆ. ಫೋಮ್ ಜಾಕೆಟ್ ಹಾಕಿಯೇ ಇರಬೇಕು, ಸೀಟಿನ ಹಿಂದೆ ಸಿಕ್ಕಿಸಿಟ್ಟರೆ ಪ್ರಯೋಜನ ಇಲ್ಲ. ರಾಡ್ ಕೊಳ್ಳುವ ಮೊದಲು ಎದೆಮಟ್ಟದ ನೀರಿನಲ್ಲಿ ಕಯಾಕ್ ಮಗುಚಿ, ನೇರ ಮಾಡಿ, ಕಾಲು ಬಡಿದು ಹೊಟ್ಟೆಯ ಮೇಲೆ ಹತ್ತಿ, ಹೊರಳಿ ಕೂರುವುದನ್ನು ಕಲಿಯಿರಿ. ಒಬ್ಬರು ಜೊತೆಗಿರಲಿ.

ಹಿಡಿದದ್ದರಲ್ಲಿ ಬಹುಪಾಲು ಬಿಡುತ್ತೇನೆ. ಕಾಂಡ್ಲಾದಲ್ಲಿ ಸಿಗುವ ಸಣ್ಣ ಕೆಂಬೇರಿ ಮರಿಗಳು, ಬೆಳೆದ ಮೇಲೆ ಕಡಲಿಗೆ ಹೋಗಬೇಕಾದವು. ಕುರುಡಿ ಮೊದಲು ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುವ ಮೀನು. ಅಂದರೆ ದೊಡ್ಡದೆಲ್ಲ ಹೆಚ್ಚಾಗಿ ಮೊಟ್ಟೆಯ ಹೆಣ್ಣು. ಅದನ್ನು ನೀರಿನಿಂದ ಪೂರ್ತಿ ಎತ್ತದೆ, ಬಲೆಯಲ್ಲೇ ಇಟ್ಟು ಗಾಳ ಬಿಡಿಸಬಹುದು. ಊಟಕ್ಕೆ ನಡುಗಾತ್ರದ ಒಂದು ಸಾಕು.

ಹೊಸ ಕಯಾಕ್ ದುಬಾರಿ, ಹಳೆಯದು ಸಿಕ್ಕರೆ ಧಾರಾಳವಾಗಿ ನೋಡಿ. ಬಣ್ಣ, ಗೀರು ಬಿಟ್ಟುಬಿಡಿ. ನೀರು ಇಳಿಯುವ ತೂತುಗಳ ಒಳಗೋಡೆಯನ್ನು ಟಾರ್ಚ್ ಹಾಕಿ ನೋಡಿ, ಬಿರುಕು ಬೀಳುವುದು ಅಲ್ಲೇ, ದಡದಲ್ಲಿ ಸಾಗಿಸಲು ಗಾಲಿಯ ಕಂಬಿಯನ್ನು ತೂತಿಗೆ ಚುಚ್ಚಿ ತಳ್ಳಿದ ಕಡೆ. ಬಾಲದ ಕೆಳಗೆ ಎಳೆದು ಎಳೆದು ತೆಳುವಾಗಿದೆಯಾ ಅಂತ ಹೆಬ್ಬೆರಳಿನಿಂದ ಒತ್ತಿ ನೋಡಿ. ಕಾರಿನ ಮೇಲೆ ಬಿಸಿಲಲ್ಲಿ ಬಿಗಿಯಾಗಿ ಕಟ್ಟಿಟ್ಟು ತಳ ಗುಳಿ ಬಿದ್ದಿದ್ದರೆ ಹೆದರಬೇಡಿ, ಬೋರಲು ಹಾಕಿ ಒಂದೆರಡು ದಿನ ಬಿಸಿಲಿಗೆ ಇಟ್ಟರೆ ಬಹಳಷ್ಟು ಸರಿಹೋಗುತ್ತದೆ. ದುಡ್ಡು ಕೊಡುವ ಮುನ್ನ ಅರ್ಧ ಗಂಟೆ ನೀರಿನಲ್ಲಿ ಕೂತು ಬರಲು ಕೇಳಿ, ಆಮೇಲೆ ಡ್ರೈನ್ ಪ್ಲಗ್ ತೆಗೆದು ಓರೆ ಮಾಡಿ. ಒಂದು ಲೋಟದಷ್ಟು ನೀರು ಬಂದರೆ ಚಿಂತೆ ಇಲ್ಲ, ಬಕೆಟ್ ತುಂಬಿದರೆ ಬೇಡ ಅನ್ನಿ.