ದೂರು ಕೊಡುವುದು ಯಾರಿಗೆ: ವಿಶ್ವ ಬ್ಯಾಂಕಿಗಾ, ಎಡಿಬಿಗಾ?

ಒಂದೇ ಯೋಜನೆಗೆ ವಿಶ್ವ ಬ್ಯಾಂಕು, ಎಡಿಬಿ (ಏಷ್ಯನ್ ಅಭಿವೃದ್ಧಿ ಬ್ಯಾಂಕು) ಎರಡೂ ದುಡ್ಡು ಹಾಕುವುದುಂಟು. ಲಾವೋಸ್‌ನ ನಾಮ್ ಥೆನ್ 2 ಅಣೆಕಟ್ಟನ್ನೇ ನೋಡಿ. ಅದರ ಬಹುಪಾಲು ಕರೆಂಟು ಥಾಯ್ಲೆಂಡಿಗೆ ಹೋಗುತ್ತದೆ. ಟರ್ಬೈನ್ ದಾಟಿದ ನೀರು ಸೆ ಬಾಂಗ್ ಫೈ ಎಂಬ ಬೇರೆಯದೇ ನದಿ ಸೇರುತ್ತದೆ. ಅಲ್ಲಿನ ಮೀನಿಗೂ ಪೆಟ್ಟು, ದಡದ ತೋಟಕ್ಕೂ ಪೆಟ್ಟು.

ಇಂಥ ಕಡೆ ಯಾರ ಬಾಗಿಲು ತಟ್ಟಬೇಕು? ಯೋಜನೆಯಿಂದ ತೊಂದರೆಯಾದವರ ದೂರು ವಿಚಾರಿಸುವ ವಿಶ್ವ ಬ್ಯಾಂಕಿನ ಸಮಿತಿ, ಅಂದರೆ ಇನ್‌ಸ್ಪೆಕ್ಷನ್ ಪ್ಯಾನೆಲ್, 1993ರದ್ದು, ನರ್ಮದಾ ಹೋರಾಟದ ಬಿಸಿ ತಟ್ಟಿದ ಮೇಲೆ ಹುಟ್ಟಿದ್ದು. ಅಲ್ಲಿಗೆ ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ಆದರೆ ದೂರುವವರು ಸಾಲ ಪಡೆದ ದೇಶದವರೇ ಆಗಿರಬೇಕು. ಎಡಿಬಿ ಹಾಗಲ್ಲ, ಪಕ್ಕದ ಸದಸ್ಯ ದೇಶದವರ ದೂರನ್ನೂ ತೆಗೆದುಕೊಳ್ಳುತ್ತದೆ. ಹೊಳೆಗೆ ಗಡಿ ಗೊತ್ತಿಲ್ಲ ಅಲ್ವಾ, ಹಾಗಾಗಿ ಕೆಳಗಿನ ದೇಶದವರಿಗೆ ಎಡಿಬಿಯೇ ಸರಿ.

ಎರಡೂ ಕಡೆ ಕನಿಷ್ಠ ಇಬ್ಬರು ಬೇಕು. ಮೊದಲು ಬ್ಯಾಂಕಿನ ಅಧಿಕಾರಿಗಳಿಗೆ ಹೇಳಿ ನೋಡಿರಬೇಕು. ಗಡುವು ಮಾತ್ರ ಬೇರೆ: ಸಾಲ ಮುಕ್ತಾಯವಾದ (ತೀರಿಸಿದ ಅಲ್ಲ, ಹಣ ಬಿಡುಗಡೆಯ ಅವಧಿ ಮುಗಿದ) ಮೇಲೆ ವಿಶ್ವ ಬ್ಯಾಂಕಿನಲ್ಲಿ 15 ತಿಂಗಳು, ಎಡಿಬಿಯಲ್ಲಿ 2 ವರ್ಷ.

ತನಿಖೆಗಿಂತ ಮಾತುಕತೆಯೇ ಬೇಕಾ? ಎಡಿಬಿಯಲ್ಲಿ ಆ ದಾರಿಯನ್ನು ಮೊದಲೇ ಆರಿಸಿಕೊಳ್ಳಬಹುದು. ವಿಶ್ವ ಬ್ಯಾಂಕಿನಲ್ಲಿ ತನಿಖೆಗೆ ಬ್ಯಾಂಕಿನ ನಿರ್ದೇಶಕ ಮಂಡಳಿ ಒಪ್ಪಿದ ಮೇಲೆಯೇ ಸಂಧಾನ.